ಗಾಳಿಯಿಲ್ಲದ ಟೈರು ಲಗ್ಗೆರೆಯ ರಸ್ತೆಗೆ ಒಗ್ಗುತ್ತದೆಯೇ?

ಮೊಳೆ ಚುಚ್ಚಿದರೂ ಓಡುತ್ತಲೇ ಇರುವ ಟೈರಿನ ವಿಡಿಯೋವನ್ನು ನಮ್ಮಲ್ಲಿ ಬಹಳ ಮಂದಿ ಮೊಬೈಲಿನಲ್ಲಿ ನೋಡಿದ್ದೇವೆ. ಆ ವಿಡಿಯೋಗಳಲ್ಲಿ ಕಾರು ಓಡುವುದು ಕನ್ನಡಿಯಂಥ ರಸ್ತೆಯ ಮೇಲೆ. ಗೊರಗುಂಟೆಪಾಳ್ಯದಿಂದ ಲಗ್ಗೆರೆ ಬ್ರಿಡ್ಜ್ ದಾಟಿ ಸುಮನಹಳ್ಳಿಗೆ ಹೋಗುವ ಹೊರವರ್ತುಲ ರಸ್ತೆಯಲ್ಲಿ, ಅದೂ ಮಳೆ ಬಂದ ಮಾರನೇ ದಿನ, ಅದು ಹೇಗೆ ಓಡೀತು? ಪಿಯುಸಿಯಲ್ಲಿ ಕಲಿತ ಭೌತಶಾಸ್ತ್ರವೇ ಈ ಪ್ರಶ್ನೆಗೆ ಸಾಕಷ್ಟು ಉತ್ತರ ಕೊಡುತ್ತದೆ.

ಮೊದಲು ಗಾಳಿಯ ಕೆಲಸ ಏನೆಂದು ನೋಡೋಣ. 1,200 ಕಿಲೋ ತೂಕದ ಕಾರಿನ ಒಂದೊಂದು ಚಕ್ರದ ಮೇಲೆ ಸುಮಾರು 300 ಕಿಲೋ ಭಾರ ಬೀಳುತ್ತದೆ. ಬಂಕಿನಲ್ಲಿ ನಾವು ಹಾಕಿಸುವ 32 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ ಒತ್ತಡ. ಭಾಗಿಸಿ ನೋಡಿ: 133 ಚದರ ಸೆಂಟಿಮೀಟರ್, ಒಂದು ಪೋಸ್ಟ್ ಕಾರ್ಡಿನಷ್ಟು ಜಾಗ. ಇಡೀ ಕಾರು ನೆಲಕ್ಕೆ ತಾಗಿರುವುದು ನಾಲ್ಕು ಪೋಸ್ಟ್ ಕಾರ್ಡಿನಷ್ಟು ಜಾಗದಲ್ಲಿ ಮಾತ್ರ. ಕಲ್ಲು ಸಿಕ್ಕರೆ ಗಾಳಿ ಅಲ್ಲಿ ತಗ್ಗಿ, ಹೊಡೆತವನ್ನು ಟೈರಿನ ಒಳಗೆಲ್ಲ ಹಂಚಿಬಿಡುತ್ತದೆ. 1888ರಲ್ಲಿ ಡನ್‌ಲಪ್ ಗಾಳಿ ಟೈರನ್ನು ಬಳಕೆಗೆ ತಂದ ಮೇಲೆ ಗಟ್ಟಿ ರಬ್ಬರಿನ ಚಕ್ರಗಳು ರಸ್ತೆಯಿಂದ ಮರೆಯಾಗಿದ್ದು ಇದೇ ಕಾರಣಕ್ಕೆ. ಪೂರ್ತಿ ಮರೆಯಾಗಲಿಲ್ಲ ಅನ್ನಿ. ಕಾರ್ಖಾನೆಗಳ ಒಳಗೆ ನಿಧಾನವಾಗಿ ಓಡಾಡುವ ಫೋರ್ಕ್‌ಲಿಫ್ಟ್‌ಗಳಿಗೆ ಇಂದಿಗೂ ಗಟ್ಟಿ ಟೈರೇ ಇರುತ್ತದೆ.

ಹೊಸ ಟೈರು ಗಟ್ಟಿ ರಬ್ಬರಿನ ಉಂಡೆಯಲ್ಲ. ಹೊರಗೆ ರಬ್ಬರಿನ ಪಟ್ಟಿ, ನಡುವೆ ಚಕ್ರದ ಗುಂಬ, ಎರಡಕ್ಕೂ ಮಧ್ಯೆ ಬಾಗುವ ಸ್ಪೋಕ್‌ಗಳು. ಮಿಶೆಲಿನ್ ಕಂಪನಿ 2005ರಲ್ಲಿ ಇಂಥದ್ದೊಂದನ್ನು 'ಟ್ವೀಲ್' ಎಂಬ ಹೆಸರಿನಲ್ಲಿ ತೋರಿಸಿತು. ಅದರಲ್ಲಿ ಸ್ವಾರಸ್ಯವೆಂದರೆ, ಭಾರ ಹೊರುವುದು ಕೆಳಗಿನ ಸ್ಪೋಕ್‌ಗಳಲ್ಲ. ಅವು ನೆಲಕ್ಕೆ ತಾಗಿದಾಗ ಮಡಚಿಕೊಳ್ಳುತ್ತವೆ. ಮೇಲಿನವು ಬಿಗಿಯಾಗಿ ಎಳೆದು ಹಿಡಿದಿರುತ್ತವೆ, ಗುಂಬ ಅವುಗಳಿಗೆ ಜೋಕಾಲಿಯಂತೆ ನೇತಾಡುತ್ತಿರುತ್ತದೆ. ಸೈಕಲ್ ಚಕ್ರವೂ ಕಡ್ಡಿಗಳ ಇಂಥ ಬಿಗಿತದಿಂದಲೇ ನಿಂತಿರುವುದು.

ತೊಂದರೆ ಶುರುವಾಗುವುದು ವೇಗ ಹೆಚ್ಚಿದಾಗ. ಚಕ್ರದ ಸುತ್ತಳತೆ 1.8 ಮೀಟರ್ ಇದ್ದರೆ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಪ್ರತಿ ಸ್ಪೋಕ್ ಸೆಕೆಂಡಿಗೆ ಮೂರು ಸಲ ಬಾಗಿ ನೆಟ್ಟಗಾಗುತ್ತದೆ. 80 ಕಿ.ಮೀ. ವೇಗದಲ್ಲಿ ಹನ್ನೆರಡು ಸಲ. ಪ್ರತಿ ಸಲ ಬಾಗಿದಾಗಲೂ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ, ಸದ್ದೂ ಬರುತ್ತದೆ. ಮೊದಲ ಟ್ವೀಲ್ 80 ಕಿ.ಮೀ. ದಾಟಿದರೆ ನಡುಗುತ್ತಿತ್ತು. ಆದ್ದರಿಂದ ಅದು ಕಾರಿಗೆ ಬರಲಿಲ್ಲ, ಮಣ್ಣು ಎತ್ತುವ ಸಣ್ಣ ಲೋಡರ್‌ಗಳಿಗೂ ಹುಲ್ಲು ಕತ್ತರಿಸುವ ಯಂತ್ರಗಳಿಗೂ ಹೋಯಿತು. 2019ರಲ್ಲಿ ಮಿಶೆಲಿನ್ ಮತ್ತು ಜನರಲ್ ಮೋಟಾರ್ಸ್ ಸೇರಿ 'ಅಪ್ಟಿಸ್' ಎಂಬ ಸುಧಾರಿಸಿದ ಟೈರನ್ನು ತೋರಿಸಿ, 2024ಕ್ಕೇ ಕಾರುಗಳಿಗೆ ತರುವ ಗುರಿ ಹೇಳಿದ್ದವು. 2023ರಲ್ಲಿ ಸಿಂಗಪುರದ ಡಿಎಚ್‌ಎಲ್ ವ್ಯಾನ್‌ಗಳಿಗೆ ಅದನ್ನು ಹಾಕಿ ಓಡಿಸಿದರು ಕೂಡ. ಆದರೆ 2024 ಕಳೆದರೂ ಅದು ಅಂಗಡಿಗೆ ಬರಲಿಲ್ಲ. ಜಪಾನಿನ ಬ್ರಿಜ್‌ಸ್ಟೋನ್ ಬೇರೆ ದಾರಿ ಹಿಡಿದಿದೆ: ಗಂಟೆಗೆ 20 ಕಿ.ಮೀ. ಒಳಗೇ ಓಡುವ ಸಣ್ಣ ವಿದ್ಯುತ್ ವಾಹನಗಳಿಗೆ ತನ್ನ ಗಾಳಿರಹಿತ ಟೈರನ್ನು ಹೊಂದಿಸುತ್ತಿದೆ.

ಈ 20 ಕಿ.ಮೀ. ನಮಗೆ ಪರಿಚಿತ ಸಂಖ್ಯೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಅಂದರೆ ಗಂಟೆಗೆ ಇಪ್ಪತ್ತೂವರೆ ಕಿಲೋಮೀಟರ್! ನಾವು ಬೈದುಕೊಳ್ಳುವ ಟ್ರಾಫಿಕ್ಕೇ ಈ ಟೈರಿನ ದೊಡ್ಡ ದೌರ್ಬಲ್ಯವನ್ನು ಮುಚ್ಚಿಹಾಕುತ್ತದೆ.

ಕೆಸರಿನ ವಿಷಯವೂ ಹೀಗೆಯೇ. ಸ್ಪೋಕ್‌ಗಳ ನಡುವೆ ಒಂದು ಕಡೆ ನೂರು ಗ್ರಾಂ ಮಣ್ಣು ಒಣಗಿ ಕೂತಿದೆ ಎಂದುಕೊಳ್ಳಿ. 20 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಒಂದು ಕಿಲೋ ತೂಕದಷ್ಟೂ ಇಲ್ಲ. ವೇಗ ನಾಲ್ಕು ಪಟ್ಟಾದರೆ ಬಲ ಹದಿನಾರು ಪಟ್ಟು, ಸುಮಾರು 15 ಕಿಲೋ. ಹಗಲಿನ ಲಗ್ಗೆರೆಯಲ್ಲಿ ಚಿಂತೆಯಿಲ್ಲ. ರಾತ್ರಿ ಖಾಲಿ ತುಮಕೂರು ರಸ್ತೆ ಹಿಡಿದರೆ ಸ್ಟೀರಿಂಗ್ ಕೈಯಲ್ಲಿ ಕುಣಿಯುತ್ತದೆ. ಗುಂಡಿಯ ಹರಿತ ಅಂಚಿಗೆ ಬಡಿದಾಗ ಗಾಳಿ ಟೈರಿನ ಪಕ್ಕ ರಿಮ್ಮಿಗೂ ರಸ್ತೆಗೂ ಸಿಕ್ಕಿ ಕತ್ತರಿಸುತ್ತದೆ, ಇಲ್ಲವೇ ಉಬ್ಬುತ್ತದೆ. ಹೊಸ ಟೈರಿಗೆ ಆ ಪಕ್ಕವೇ ಇಲ್ಲ. ಆದರೆ ಗುಂಡಿ ಆಳವಾಗಿದ್ದರೆ ಹೊಡೆತವನ್ನು ಕೆಲವೇ ಸ್ಪೋಕ್‌ಗಳು ತಿನ್ನಬೇಕು. ದಿನಕ್ಕೆ ನೂರು ಸಲ ತಿಂದರೆ ಎಷ್ಟು ವರ್ಷ ಬಾಳುತ್ತವೆ ಎನ್ನುವುದನ್ನು ಸಿಂಗಪುರದ ನುಣುಪು ರಸ್ತೆ ಹೇಳಲಾರದು. ಪರೀಕ್ಷೆ ನಡೆಯಬೇಕಾದ್ದು ಇಲ್ಲಿ.

ಇನ್ನು ಮೊಳೆ. ಪೀಣ್ಯ ಪಕ್ಕದಲ್ಲೇ ಇರುವುದರಿಂದ ನಮ್ಮ ರಸ್ತೆಗಳಲ್ಲಿ ಕಬ್ಬಿಣದ ಚೂರಿಗೆ ಬರವಿಲ್ಲ. ನಗರದ ಇನ್ನೊಂದು ತುದಿಯ ಹೊರವರ್ತುಲ ರಸ್ತೆಯಲ್ಲಿ ಬೆನೆಡಿಕ್ಟ್ ಜೆಬಕುಮಾರ್ ಎಂಬ ಎಂಜಿನಿಯರ್ ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಹೆಕ್ಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬೇಕೆಂದೇ ಎಸೆದ ಮೊಳೆಗಳು ಎಂಬ ಅನುಮಾನ ಆಗ ಪಂಕ್ಚರ್ ಅಂಗಡಿಗಳ ಮೇಲೆ ಬಿತ್ತು. ಪಂಕ್ಚರ್ ಅಂಗಡಿ ಇಟ್ಟಿರುವ ನನ್ನ ಮಾಮುಗೆ ಈ ಮಾತೆತ್ತಿದರೆ ಸಿಟ್ಟು ಬರುತ್ತದೆ. ಯಾರೋ ಕೆಲವರು ಮಾಡಿದ್ದಕ್ಕೆ, ಬೆಳಗ್ಗೆ ಆರಕ್ಕೆ ಕಂಪ್ರೆಸರ್ ಶುರು ಮಾಡಿ ಕೂರುವವರೆಲ್ಲ ಹೆಸರು ಕೆಡಿಸಿಕೊಳ್ಳಬೇಕೇ ಎನ್ನುತ್ತಾರೆ. 'ಪಂಕ್ಚರ್ ಹಾಕುವವರು' ಎಂಬ ಮಾತನ್ನು ಬೈಗುಳದಂತೆ ಬಳಸುವವರಿಗೆ ಆ ಕೆಲಸದ ಲೆಕ್ಕಾಚಾರ ಗೊತ್ತಿಲ್ಲ ಎಂದು ನನಗನ್ನಿಸುತ್ತದೆ. ಟ್ಯೂಬ್ ತೆಗೆದು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ ಮಾಮು, ಟ್ಯೂಬ್‌ಲೆಸ್ ಬಂದಾಗ ಯಾರೂ ಕಲಿಸದೆ ಹೊಸ ಕೆಲಸ ಕಲಿತರು.

ಗಾಳಿಯೇ ಇಲ್ಲದ ಟೈರು ಬಂದರೆ? ಈ ಲೇಖನಕ್ಕಾಗಿ ವಿಡಿಯೋ ತೋರಿಸಿ ಅವರನ್ನೇ ಕೇಳಿದೆ. ಮೊಳೆಯ ಭಾಗವನ್ನು ಅವರು ಸರಿಯಾಗಿ ನೋಡಲೂ ಇಲ್ಲ. "ರಬ್ಬರ್ ಸವೆದ ಮೇಲೆ ಏನು ಮಾಡ್ತಾರೆ ಬೇಟಾ?" ಅಂದರು. ಅಪ್ಟಿಸ್‌ನಲ್ಲಿ ಟೈರು, ಚಕ್ರ ಎರಡೂ ಒಂದೇ ತುಂಡು. ಆಟೋ ಓಡಿಸುವವರು ಇವತ್ತು ಪಂಕ್ಚರಿಗೆ ನೂರು, ಇನ್ನೂರು ಎಂದು ಬಿಡಿಬಿಡಿಯಾಗಿ ಖರ್ಚು ಮಾಡುತ್ತಾರೆ. ಒಂದೇ ಸಲ ಇಡೀ ಚಕ್ರ ಬದಲಿಸುವ ದುಡ್ಡು ಅವರ ಕೈಯಲ್ಲಿ ಇರುವುದಿಲ್ಲ. ಸವೆದ ಪಟ್ಟಿಯನ್ನಷ್ಟೇ ಕಿತ್ತು ಹೊಸದು ಅಂಟಿಸುವ ರೀಟ್ರೆಡಿಂಗ್ ನಮ್ಮ ಲಾರಿಗಳಿಗೆ ಹಳೆಯ ವಿದ್ಯೆ. ಆ ಅನುಕೂಲ ಇದರಲ್ಲೂ ಇದ್ದರೆ ಆಟೋಗಳು ಕಾರುಗಳಿಗಿಂತ ಮೊದಲೇ ಇದನ್ನು ಹಾಕಿಕೊಂಡಾವು, ಪಟ್ಟಿ ಅಂಟಿಸುವ ಕೆಲಸ ಮಾಮುಗೂ ಸಿಕ್ಕೀತು. ಇಲ್ಲದಿದ್ದರೆ ಇದು ಕಂಪನಿ ವ್ಯಾನ್‌ಗಳ ಟೈರಾಗಿಯೇ ಉಳಿಯುತ್ತದೆ.