ವಲಸೆ ಬಂದ ಹೆಣ್ಣುಮಗಳೂ ಆರೋಗ್ಯದ ಪ್ರಶ್ನಾವಳಿಯೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೆಕ್ಸಿಕೋ, ಕ್ಯೂಬಾ, ಪೋರ್ಟೊರಿಕೊ, ಗ್ವಾಟೆಮಾಲ ಮೊದಲಾದ ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದವರನ್ನು ಹಿಸ್ಪಾನಿಕರೆಂದು ಕರೆಯುವ ರೂಢಿಯಿದೆ. 2020ರ ಜನಗಣತಿಯಂತೆ ಇವರ ಸಂಖ್ಯೆ ಆರು ಕೋಟಿಯನ್ನು ಮೀರಿತ್ತು. ಗರ್ಭಕೋಶದ ಕಂಠದ ಕ್ಯಾನ್ಸರ್ ಬಿಳಿಯ ಸ್ತ್ರೀಯರಿಗಿಂತ ಈ ಸ್ತ್ರೀಯರಲ್ಲಿ ಹೆಚ್ಚು. ಪರೀಕ್ಷೆಗೆ ಬಾರದವರು ಯಾರು, ಏಕೆ ಬಾರರು ಎಂದು ತಿಳಿಯಲು ಪ್ರಶ್ನಾವಳಿಯೇ ಮುಖ್ಯ ಸಾಧನ. ಆದರೆ ಇಂಗ್ಲಿಷಿನ ಪ್ರಶ್ನೆಗಳನ್ನು ಸ್ಪ್ಯಾನಿಷಿಗೆ ಇಳಿಸಿದ ಮಾತ್ರಕ್ಕೆ ಕಾರ್ಯ ಮುಗಿಯಿತೆಂದು ತಿಳಿಯುವುದು ಭ್ರಮೆ.

ಪರೀಕ್ಷೆಯೆಂದರೆ ಸಂಕೋಚವೇ ಎಂದು ಕೇಳಬೇಕಾಗಿದೆ ಎನ್ನೋಣ. ಇಂಗ್ಲಿಷಿನ 'ಎಂಬರಾಸ್ಡ್' ಪದವನ್ನು ಹೋಲುವ ಸ್ಪ್ಯಾನಿಷಿನ 'ಎಂಬರಾಸಾದಾ' ಪದಕ್ಕೆ ಗರ್ಭಿಣಿ ಎಂದು ಅರ್ಥ! ಇಂಥ ಪ್ರಮಾದ ಬೇಗ ಬಯಲಾಗುತ್ತದೆ. ನಾಡಿನಿಂದ ನಾಡಿಗೆ ಅರ್ಥ ಬದಲಿಸುವ ಪದಗಳೇ ಹೆಚ್ಚು ವಂಚಕ. 'ಅಓರಿತಾ' ಎಂದರೆ ಮೆಕ್ಸಿಕೋದವಳಿಗೆ ಈಗಲೇ, ಇಲ್ಲವೆ ಇನ್ನೇನು, ಪೋರ್ಟೊರಿಕೊದವಳಿಗೆ ಆಮೇಲೆ. ಧಾರವಾಡದ 'ಆರಾಮಿಲ್ಲ'ವನ್ನೂ ಮೈಸೂರಿನ 'ಹುಷಾರಿಲ್ಲ'ವನ್ನೂ ಒಂದೇ ಸಂಘದ ಅಂಗಳದಲ್ಲಿ ಕೇಳುವ ಹೊರನಾಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಶ್ಟೆಕ್, ಕಿಚೆ ಮುಂತಾದ ಮೂಲನಿವಾಸಿ ನುಡಿಗಳನ್ನಾಡುವ ಎಷ್ಟೋ ಸ್ತ್ರೀಯರಿಗಂತೂ ಸ್ಪ್ಯಾನಿಷೇ ಎರಡನೆಯ ಭಾಷೆ.

ಅನುವಾದವನ್ನು ಮತ್ತೊಬ್ಬರಿಂದ ಮೂಲಭಾಷೆಗೆ ತಿರುಗಿಸಿ ತಾಳೆ ನೋಡುವ ಕ್ರಮವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಉಪಯುಕ್ತ ಕ್ರಮವೇ, ಆದರೆ ಜಾಣ ಅನುವಾದಕ ಮೂಲವನ್ನು ಊಹಿಸಿ ಬರೆದುಬಿಟ್ಟರೆ ದೋಷ ಮುಚ್ಚಿಹೋಗುತ್ತದೆ. ಬಾಣಂತಿಯರ ಖಿನ್ನತೆಯನ್ನು ಅಳೆಯಲು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಮಾಪಕದಲ್ಲಿ 10 ಪ್ರಶ್ನೆಗಳಿವೆ. ಕೆಲಸಕಾರ್ಯಗಳು ಕೈಮೀರಿದವೆಂಬುದನ್ನು ಅದರ ಒಂದು ಪ್ರಶ್ನೆ 'ನನ್ನ ಮೇಲೇರುತ್ತಿವೆ' ಎಂಬ ಇಂಗ್ಲಿಷ್ ನುಡಿಗಟ್ಟಿನಲ್ಲಿ ಹೇಳುತ್ತದೆ. ಪದಶಃ ಅನುವಾದಿಸಿದರೆ ಬಾಣಂತಿಗೆ ಏನು ತಿಳಿದೀತು? ಆದುದರಿಂದ ಕೆಲವು ಸ್ತ್ರೀಯರಿಗೆ ಮೊದಲು ಪ್ರಶ್ನೆಯನ್ನೋದಿ, ತಿಳಿದುದನ್ನು ಅವರದೇ ಮಾತಿನಲ್ಲಿ ಹೇಳಿಸಿ, ಆಮೇಲೆ ಅಚ್ಚಿಗೆ ಕೊಡುವುದೇ ಸರಿ.

ಪದ ಸರಿಹೋದರೂ ಅನುಭವ ಬೇರೆಯಿರಬಹುದು. ಕೆರೀಬಿಯನ್ ದ್ವೀಪಗಳ ಕಡೆಯವರಲ್ಲಿ ಹೆಚ್ಚಾಗಿ ಕಾಣುವ 'ಅತಾಕೆ ದೆ ನೆರ್ವಿಯೋಸ್', ಅಂದರೆ ನರಗಳ ಆಘಾತ, ಇದಕ್ಕೆ ನಿದರ್ಶನ. ಎದೆಯಿಂದ ತಲೆಗೇರುವ ಬಿಸಿ, ನಡುಕ, ತಡೆಯಲಾಗದ ಅಳು, ಕೂಗಾಟ ಇದರ ಲಕ್ಷಣಗಳು. ಆಪ್ತರ ಸಾವು, ಕುಟುಂಬದ ಕಲಹಗಳು ಇದಕ್ಕೆ ನಿಮಿತ್ತ. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯ 1994ರ ಆವೃತ್ತಿ ಇದನ್ನು ಹೆಸರಿಸಿತು. ಬರಿಯ 'ಖಿನ್ನತೆಯಿದೆಯೇ' ಎಂದು ಕೇಳಿದರೆ ಇಂಥವಳು ಇಲ್ಲವೆಂದೇ ಹೇಳಬಹುದು. 'ನರಗಳಿಂದ ಬಳಲಿದ್ದುಂಟೇ' ಎಂದರೆ ಮಾತು ಹೊರಬೀಳುತ್ತದೆ.

ಇನ್ನು ಅವರ 'ಸಿಂಪತಿಯಾ'. ಎದುರಿಗಿರುವವರ ಮನಸ್ಸು ನೋಯದಂತೆ ನಡೆಯುವ ಈ ಸೌಜನ್ಯದಿಂದಾಗಿ ಕೇಳಿದ್ದಕ್ಕೆಲ್ಲ ಹೌದೆನ್ನುವ ಸಂಭವವುಂಟು. ಹೌದೆಂಬ ಉತ್ತರ ಒಮ್ಮೆ ಆರೋಗ್ಯವನ್ನೂ ಒಮ್ಮೆ ಅನಾರೋಗ್ಯವನ್ನೂ ಸೂಚಿಸುವಂತೆ ಪ್ರಶ್ನೆಗಳನ್ನು ಬೆರೆಸುವುದು ಇದಕ್ಕೊಂದು ಉಪಾಯ. ಗಂಡನನ್ನೋ ಮಗನನ್ನೋ ದುಭಾಷಿಯಾಗಿ ಕೂರಿಸಿ ಮುಟ್ಟು, ಗರ್ಭನಿರೋಧಗಳ ವಿಷಯ ಕೇಳುವುದು ಸರ್ವಥಾ ಸಲ್ಲದು. ಅವಳ ನುಡಿ ಬಲ್ಲ ಸ್ತ್ರೀಯೊಬ್ಬಳು ಏಕಾಂತದಲ್ಲಿ ಓದಿ ಹೇಳಬೇಕು. ದೇಶದಲ್ಲಿ ನೆಲೆಸಲು ಪರವಾನಗಿಯಿದೆಯೇ ಎಂಬ ಪ್ರಶ್ನೆಯಂತೂ ರೋಗಕ್ಕೆ ಸಂಬಂಧಿಸದಿದ್ದಲ್ಲಿ ಕಾಗದದ ಮೇಲೆ ಇರಲೇಬಾರದು. ಅದನ್ನು ಕಂಡೊಡನೆ ಎದ್ದು ಹೋದವಳು ಪರೀಕ್ಷೆಗೂ ಬರಲಾರಳು.