ಹೃದ್ರೋಗಿ ಐ.ಸಿ.ಯು.ನಲ್ಲಿರುವಾಗ

ಹೃದಯಾಘಾತವಾದವರನ್ನು ಮಂಜೇಶ್ವರ, ಕಾಸರಗೋಡು ಕಡೆಯಿಂದ ಮಂಗಳೂರಿಗೆ ಕೊಂಡೊಯ್ಯುವುದುಂಟು. ಐ.ಸಿ.ಯು. ಎಂಬ ತೀವ್ರ ನಿಗಾ ಘಟಕಕ್ಕೆ ಸೇರಿಸಿದೊಡನೆ ಎಲ್ಲವೂ ಮುಗಿಯಿತೆಂದು ಮನೆಯವರು ಎದೆಗುಂದುತ್ತಾರೆ. ಹಾಗಲ್ಲ. ಆಘಾತದ ನಂತರದ ಮೊದಲ ಒಂದೆರಡು ದಿನ ಹೃದಯದ ಬಡಿತ ಅಪಾಯಕರವಾಗಿ ತಾಳತಪ್ಪುವ ಸಂಭವ ಹೆಚ್ಚು. ಅದನ್ನು ಒಡನೆ ಕಂಡು ಸರಿಪಡಿಸಲೆಂದೇ ಈ ಘಟಕವಿದೆ.

ಎದೆಗೆ ಅಂಟಿಸಿದ ತಂತಿಗಳು ಬಡಿತವನ್ನೂ ಬೆರಳಿನ ಕ್ಲಿಪ್ಪು ರಕ್ತದ ಆಮ್ಲಜನಕವನ್ನೂ ಪರದೆಯಲ್ಲಿ ತೋರಿಸುತ್ತವೆ. ಯಂತ್ರ ಕೂಗಿದಾಗಲೆಲ್ಲ ಅಪಾಯವೆಂದಲ್ಲ. ರೋಗಿ ಮಗ್ಗುಲಾದರೂ ಕೂಗೀತು. ವೆಂಟಿಲೇಟರಿನ ಕೊಳವೆ ಗಂಟಲಲ್ಲಿರುವಾಗ ಮಾತು ಹೊರಡದು. ವೃದ್ಧರು ಕೆಲವೊಮ್ಮೆ ಹಗಲಿರುಳು ತಿಳಿಯದೆ ಗೊಂದಲದ ಮಾತಾಡುತ್ತಾರೆ. ಅದು ಹುಚ್ಚಲ್ಲ, ದಾದಿಯರಿಗೆ ತಿಳಿಸಿರಿ. ರೋಗಿಯ ಕೈಹಿಡಿದು, ಹೆಸರಿನಿಂದ ಕರೆದು, ಇಂದು ಯಾವ ವಾರವೆಂದು ಮೆಲ್ಲಗೆ ಹೇಳಿರಿ.

ಮನೆಯವರು ಹಳೆಯ ಔಷಧ ಚೀಟಿಗಳನ್ನೆಲ್ಲ ಜೊತೆಗೊಯ್ಯಬೇಕು. ವೈದ್ಯರೊಡನೆ ಮಾತಾಡಲು ಒಬ್ಬರನ್ನೇ ನೇಮಿಸಬೇಕು. ಕೈತೊಳೆದೇ ಒಳಹೋಗಬೇಕು. ಎಳನೀರನ್ನೂ ಕೇಳದೆ ಕುಡಿಸಬಾರದು. ಅದರಲ್ಲಿ ಪೊಟ್ಯಾಸಿಯಂ ಬಹಳವಿದೆ. ರಕ್ತದಲ್ಲಿ ಅದು ಮಿತಿಮೀರಿದರೆ ಬಡಿತ ಕೆಡುತ್ತದೆ.

ಗುರುಗಳನ್ನು ಕರೆಸಿದರೆ ರೋಗಿ ಹೆದರಿಯಾರೆಂದು ಕೊನೆಯುಸಿರಿನ ತನಕ ಕಾಯುವ ಕುಟುಂಬಗಳಿವೆ. ವ್ಯಾಧಿಸ್ಥರ ಅಭ್ಯಂಗ ಸಾಯುವ ಘಳಿಗೆಯವರಿಗೆ ಮಾತ್ರವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಾರಿತು. ಅದು ಬಲ ನೀಡುವ ಸಂಸ್ಕಾರ. ಆದುದರಿಂದ ರೋಗಿಗೆ ಎಚ್ಚರವಿರುವಾಗಲೇ ನಮ್ಮನ್ನು ಕರೆಯಿರಿ. ಅವರ ತುಟಿಯೂ ನಮ್ಮೊಡನೆ ‘ಆಮೆನ್’ ಎನ್ನಲಿ.