ಚಿಲ್ಲರೆ ನಾಣ್ಯದ ಮೇಲಿನ ಕನ್ನಡ: ಮೈಸೂರು ಟಂಕಸಾಲೆಯ ಒಂದು ಅವಲೋಕನ

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಕಾರಣಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವು ಚಿಕ್ಕದೇವರಾಜ ಒಡೆಯರ ಕಾಲದ್ದು. ಈ ಸೀಮೆಯ ಚರಿತ್ರೆಯನ್ನು ನಾವು ದೇವಾಲಯ, ಶಾಸನಗಳ ಮೂಲಕ ಓದುತ್ತ ಬಂದಿದ್ದೇವೆ. ಅಂದಿನ ಮೈಸೂರು ರಾಜ್ಯದ ಸಂತೆಗಳಲ್ಲಿ ಕೈಯಿಂದ ಕೈಗೆ ಸಾಗಿದ ಚಿಲ್ಲರೆ ನಾಣ್ಯವೂ ಒಂದು ಲಿಖಿತ ಆಕರವೆಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಕಿರುನಾಣ್ಯವನ್ನು ಅಚ್ಚುಹಾಕುವುದು ಯಾವ ಟಂಕಸಾಲೆಗೂ ಲಾಭದ ಕೆಲಸವಾಗಿರಲಿಲ್ಲ. ಒಂದು ರೂಪಾಯಿಯ ಬೆಳ್ಳಿಗೆ ಸುತ್ತಿಗೆಯ ಒಂದು ಪೆಟ್ಟು ಸಾಕು. ಅದೇ ಬೆಳ್ಳಿಯನ್ನು ಹದಿನಾರು ಬಿಲ್ಲೆಗಳನ್ನಾಗಿಸಿದರೆ ತೂಕವನ್ನೂ ಹದಿನಾರು ಬಾರಿ ನೋಡಬೇಕು, ಪೆಟ್ಟನ್ನೂ ಹದಿನಾರು ಬಾರಿ ಹಾಕಬೇಕು. ಯುರೋಪಿನ ಕಮ್ಮಟಗಳೂ ಈ ತೊಡಕನ್ನು ಎದುರಿಸಿದವು. ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ ಬೆಳ್ಳಿಯ ಅರ್ಧ ಪೆನ್ನಿಯ ತೂಕ ಸುಮಾರು ಕಾಲು ಗ್ರಾಂ ಮಾತ್ರ. ಅದಕ್ಕಿಂತ ಕಿರಿದಾದುದನ್ನು ಬೆಳ್ಳಿಯಲ್ಲಿ ಮಾಡುವುದು ಅಸಾಧ್ಯವೆನಿಸಿ, 1613ರಲ್ಲಿ ಅಲ್ಲಿ ತಾಮ್ರದ ಫಾರ್ದಿಂಗ್ ಬಂದಿತು.

ಮೈಸೂರಿನಲ್ಲಿ ಈ ಸ್ಥಾನವನ್ನು ಮೊದಲು ತುಂಬಿದ್ದು ಚಿನ್ನ. ಕಂಠೀರವ ನರಸರಾಜ ಒಡೆಯರು (1638-1659) ಶ್ರೀರಂಗಪಟ್ಟಣದಲ್ಲಿ ಟಂಕಿಸಿದ ಕಂಠೀರಾಯಿ ಹಣವು ಸುಮಾರು 0.35 ಗ್ರಾಂ ತೂಗುತ್ತದೆ. ಒಂದು ಮುಖದಲ್ಲಿ ನರಸಿಂಹ, ಇನ್ನೊಂದರಲ್ಲಿ ನಾಗರಿ ಲಿಪಿ. ಇಂತಹ ಹತ್ತು ಹಣ ಸೇರಿದರೆ ಕಂಠೀರಾಯಿ ವರಹ. ಈ ವರಹವು ಲೆಕ್ಕದಲ್ಲಿದ್ದಿತೇ ಹೊರತು ನಾಣ್ಯವಾಗಿ ಟಂಕಿತವಾಗಲಿಲ್ಲ. ಬೆಳ್ಳಿಯ ಪೂರ್ಣ ಶ್ರೇಣಿಯನ್ನು ರೂಪಿಸಿದವನು ಟಿಪ್ಪು ಸುಲ್ತಾನ. ಅವನ ರೂಪಾಯಿಯ ಹೆಸರು ಇಮಾಮಿ. ಅರ್ಧದಿಂದ ಮೂವತ್ತೆರಡನೆಯ ಒಂದು ಭಾಗದವರೆಗೆ ಕ್ರಮವಾಗಿ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ, ಖಿಜ್ರಿ. ಕೊನೆಯದರ ತೂಕವು ಕಂಠೀರಾಯಿ ಹಣದ ತೂಕಕ್ಕೆ ಬಹುತೇಕ ಸಮನಾಗಿದೆ. ಇವುಗಳ ಬರಹವೆಲ್ಲ ಪಾರಸಿ.

1799ರ ನಂತರದ ನಾಣ್ಯಗಳಲ್ಲಿ ಗಮನಾರ್ಹವಾದ ಭೇದವೊಂದು ಕಾಣುತ್ತದೆ. ಮುಮ್ಮಡಿಯವರ ರೂಪಾಯಿಯು ಮೊಗಲ್ ದೊರೆ ಶಾ ಆಲಂನ ಹೆಸರಿನಲ್ಲಿ ಪಾರಸಿಯಲ್ಲೇ ಮುಂದುವರಿಯಿತು. ಕಾಲು ರೂಪಾಯಿಯ ಮೇಲಾದರೋ ನರ್ತಿಸುವ ಚಾಮುಂಡಿ ಕಾಣಿಸಿಕೊಂಡಳು. ಹಿಂಬದಿಯ ಪಾರಸಿ ಬರಹದಲ್ಲಿ ಒಡೆಯರ ಹೆಸರೇ ಬಂದಿತು. ಇನ್ನೂ ಕೆಳಗಿನ ತಾಮ್ರದ ಕಾಸಿನಲ್ಲಿ ಕನ್ನಡ ಅಕ್ಷರ ಮೂಡಿತು: ‘ಶ್ರೀ’, ‘ಚಾಮುಂಡಿ’, ‘ಮಯಿಲಿ ಕಾಸು 20’. ಅದೇ ಬಿಲ್ಲೆಯ ಮೇಲೆ ಇಂಗ್ಲಿಷೂ ಪಾರಸಿಯೂ ಇವೆ.

ಈ ಭೇದಕ್ಕೆ ಕಾರಣವನ್ನು ನಾಣ್ಯದ ಸಂಚಾರದಲ್ಲಿ ಹುಡುಕಬಹುದು. ರೂಪಾಯಿಯು ಸರಾಫರ ಪರೀಕ್ಷೆಯನ್ನು ದಾಟಿ ರಾಜ್ಯದ ಗಡಿಯಾಚೆಗೂ ಸಲ್ಲಬೇಕಾಗಿತ್ತು. ಆದ್ದರಿಂದ ಎಲ್ಲೆಡೆ ಪರಿಚಿತವಾದ ರೂಪವನ್ನು ಬಿಡುವಂತಿರಲಿಲ್ಲ. ಕಾಸಾದರೋ ಉಪ್ಪು, ಎಲೆ, ರಾಗಿ ಕೊಳ್ಳುವವರ ನಾಣ್ಯ. ಅದು ಊರಿನ ಸುತ್ತಲೇ ತಿರುಗುತ್ತಿತ್ತು. ಬೆಲೆ ಇಳಿದಂತೆ ನಾಣ್ಯವು ಪ್ರಜೆಯ ದೈವಕ್ಕೂ ನುಡಿಗೂ ಹತ್ತಿರವಾಯಿತೆಂದು ಹೇಳಿದರೆ ತಪ್ಪಾಗಲಾರದು.

1835ರಲ್ಲಿ ಕಂಪನಿಯು ಏಕರೂಪದ ರೂಪಾಯಿಯನ್ನು ತಂದಿತು. 1843ರಲ್ಲಿ ಮೈಸೂರಿನ ಟಂಕಸಾಲೆಯು ಮುಚ್ಚಿತು. ಹಾಗ, ಅಡ್ಡ, ಹಣ, ಕಾಸು ಎಂಬ ಪದಗಳು ನಿಘಂಟಿನಲ್ಲಿ ಉಳಿದಿವೆ. ಆದರೆ ಅವುಗಳ ಅರ್ಥಕ್ಕೆ ಸಾಕ್ಷಿಯಾದ ಬಿಲ್ಲೆಯನ್ನು ಬರಿಯ ಲೋಹದ ತೂಕಕ್ಕೆ ಕರಗಿಸಿದರೆ ಅದರೊಂದಿಗೆ ಒಂದು ಬರಹವೂ ಅಳಿಯುತ್ತದೆ. ಕಲ್ಲಿನ ಶಾಸನಕ್ಕೆ ಪಡಿಯಚ್ಚು ತೆಗೆಯುವ ಕನ್ನಡ ಸಂಶೋಧನೆಯು ಈ ಕಿರುಬರಹಗಳ ಪಾಠವನ್ನೂ ತೂಕವನ್ನೂ ಊರೂರಿನಲ್ಲಿ ದಾಖಲಿಸಬೇಕಾಗಿದೆ.